ಹುಬ್ಬಳ್ಳಿ-ಧಾರವಾಡದ ನೀರಿಗೆ ಆರ್‌ಓ-ಡಿಐ ಘಟಕ: ಹೊಸ ರೀಫ್ ಟ್ಯಾಂಕ್ ಕಟ್ಟುವವರಿಗೆ ಒಂದು ವಿಮರ್ಶೆ

ಹೊಸದಾಗಿ ಉಪ್ಪುನೀರಿನ ಹವಳದ ಟ್ಯಾಂಕ್ ಕಟ್ಟುವವರು ಮೊದಲು ಲೈಟಿಗೆ ದುಡ್ಡು ಹಾಕುತ್ತಾರೆ, ಆಮೇಲೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ಗೆ. ನೀರಿನ ಪಾಲಿಗೆ ಉಳಿಯುವುದು ಚಿಲ್ಲರೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಈ ಕ್ರಮ ತಿರುಗಬೇಕು. ಇಲ್ಲಿ ಮೊದಲ ಮೂರು ತಿಂಗಳಲ್ಲಿ ಕಾಣುವ ಕಂದು ಪಾಚಿ, ಏರಿಳಿಯುವ ಕ್ಷಾರತೆ (ನೀರಿನ ಕಾರ್ಬೊನೇಟ್ ಅಂಶ), ಕಾರಣ ಗೊತ್ತಾಗದೆ ಮುಚ್ಚಿಕೊಳ್ಳುವ ಹವಳ ಇವುಗಳಲ್ಲಿ ಬಹುಪಾಲಿನ ಬೇರು ಉಪ್ಪು ಬೆರೆಸುವ ಮೊದಲಿನ ನೀರಿನಲ್ಲೇ ಇರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಮುಖ್ಯವಾಗಿ ನೋಡುವುದು ಸ್ಥಳೀಯ ಆರ್‌ಓ ಬಿಡಿಭಾಗಗಳಿಂದಲೇ ಜೋಡಿಸಿಕೊಳ್ಳಬಹುದಾದ ಆರ್‌ಓ-ಡಿಐ ಘಟಕವನ್ನು. ಆರ್‌ಓ ಎಂದರೆ ಮೆಂಬ್ರೇನ್ ಎಂಬ ಪೊರೆಯಲ್ಲಿ ನೀರನ್ನು ಒತ್ತಿ ಸೋಸುವುದು, ಡಿಐ ಎಂದರೆ ಆಮೇಲೂ ಉಳಿದ ಲವಣವನ್ನು ರೆಸಿನ್ ಎಂಬ ಸಣ್ಣ ಮಣಿಗಳಿಂದ ಹೀರಿಸುವುದು. ಅದರ ಜೊತೆಗೆ ಬೇಕೇ ಬೇಕಾದ ಟೆಸ್ಟ್ ಕಿಟ್‌ಗಳು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಘಟಕ ಕೊಳ್ಳಲೇಬೇಕು. ಮನೆಯ ಕುಡಿಯುವ ನೀರಿನ ಆರ್‌ಓ ಇದ್ದಹಾಗೇ ಸಾಲುವುದಿಲ್ಲ.

ಅವಳಿ ನಗರಕ್ಕೆ ನೀರು ಬರುವುದು ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ ಮತ್ತು ಕಲಘಟಗಿ ಕಡೆಯ ನೀರಸಾಗರದಿಂದ. ಗದಗ-ಬೆಟಗೇರಿಗೂ ಹಾವೇರಿಗೂ ತುಂಗಭದ್ರೆ. ನದಿಯ ನೀರು ಅಷ್ಟೇನೂ ಕೆಟ್ಟದ್ದಲ್ಲ. ತೊಂದರೆ ಬರುವುದು ಅದು ಎಲ್ಲ ಕಡೆ ದಿನಾ ಬಾರದೆ ಇರುವುದರಿಂದ. ನಳಕ್ಕೆ ನೀರು ಬಿಟ್ಟ ದಿನ ಸಂಪು ತುಂಬುತ್ತದೆ, ಅದು ತಗ್ಗಿದಾಗ ಅದೇ ಸಂಪಿಗೆ ಬೋರಿನ ನೀರು ಬೀಳುತ್ತದೆ. ಹೀಗಾಗಿ ಒಂದೇ ಮನೆಯ ನಳದಲ್ಲಿ ವಾರದ ಆರಂಭದಲ್ಲಿ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 250 ಇದ್ದದ್ದು ವಾರದ ಕೊನೆಗೆ 900 ಆಗಬಹುದು. ಎರೆಭೂಮಿಯ ಬೋರಿನಲ್ಲಿ ಗಡಸುತನ ಹೆಚ್ಚು. ಗದಗ ಜಿಲ್ಲೆಯ ಹಲವು ಬೋರುಗಳಲ್ಲಿ ಫ್ಲೋರೈಡ್ ಕೂಡ ಇದೆ.

ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. 300 ಟಿಡಿಎಸ್ ನೀರನ್ನು ದಿನಕ್ಕೆ 3 ಲೀಟರ್‌ನಂತೆ ತುಂಬಿದರೆ ತಿಂಗಳಿಗೆ 27 ಗ್ರಾಂ ಬೇಡದ ಲವಣ ಟ್ಯಾಂಕಿಗೆ ಸೇರಿತು. ಅದರಲ್ಲಿ ಸುಣ್ಣದ ಜೊತೆಗೆ ನೈಟ್ರೇಟ್, ಸಿಲಿಕೇಟ್ ಎಲ್ಲ ಇರುತ್ತವೆ.

ಮನೆಯ ಆರ್‌ಓ ಏಕೆ ಸಾಲದು

ಗೋಡೆಗೆ ತೂಗುಹಾಕುವ ಆರ್‌ಓ ಯಂತ್ರದ ಮುಚ್ಚಳ ಬಿಚ್ಚಿ ಮೆಂಬ್ರೇನಿನಿಂದ ಹೊರಡುವ ಬಿಳಿ ಪೈಪನ್ನು ಹಿಂಬಾಲಿಸಿ. ಅದು ನೇರವಾಗಿ ಡಬ್ಬಿಗೆ ಹೋಗುವುದಿಲ್ಲ. ನಡುವೆ ಒಂದು ಸಣ್ಣ ತಿರುಪಿನ ಕವಾಟ ಇರುತ್ತದೆ, ಅದೇ ಟಿಡಿಎಸ್ ಅಡ್ಜಸ್ಟರ್. ಮೆಂಬ್ರೇನಿಗೆ ಹೋಗದ ನೀರನ್ನು ಅಲ್ಲಿ ಒಂದಿಷ್ಟು ಬೆರೆಸುತ್ತಾರೆ. ಅದರಾಚೆ ಮಿನರಲ್ ಕಾರ್ಟ್ರಿಜ್, ಅದು ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿಸುತ್ತದೆ. ಕುಡಿಯುವವರಿಗೆ ಇದು ಸರಿ. ರೀಫ್ ಟ್ಯಾಂಕಿಗೆ ಮೆಂಬ್ರೇನ್ ತೆಗೆದದ್ದನ್ನೇ ಮತ್ತೆ ಹಾಕಿದಂತಾಯಿತು. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಬೋರಿನ ನೀರಿರುವ ಮನೆಗಳಲ್ಲಿ ಮೆಂಬ್ರೇನಿಗೆ ಸುಣ್ಣ ಕಟ್ಟದಿರಲಿ ಎಂದು ಹೊರಗಿನ ಫಿಲ್ಟರಿನಲ್ಲಿ ಗಾಜಿನ ಗೋಲಿಯಂಥ ಆ್ಯಂಟಿಸ್ಕೇಲೆಂಟ್ ಬಾಲ್‌ಗಳನ್ನು ಹಾಕಿರುತ್ತಾರೆ. ಅವು ಪಾಲಿಫಾಸ್ಫೇಟ್. ಮೆಂಬ್ರೇನ್ ಹೊಸದಿರುವಾಗ ಬಹುಪಾಲು ಫಾಸ್ಫೇಟನ್ನು ತಡೆಯುತ್ತದೆ, ಹಳತಾದ ಮೇಲೆ ಬಿಡುತ್ತದೆ. ಹವಳದ ನೀರಿಗೆ ಆ ಬಾಲ್‌ಗಳು ಬೇಡವೇ ಬೇಡ.

20 ಲೀಟರ್ ಕ್ಯಾನಿನ ನೀರು, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ನೀರು ಎರಡೂ ಕುಡಿಯಲೆಂದೇ ಮಾಡಿದವು, ಟಿಡಿಎಸ್ ಸೊನ್ನೆ ಇರುವುದಿಲ್ಲ. ಬ್ಯಾಟರಿ ಅಂಗಡಿಯ ಡಿಮಿನರಲೈಸ್ಡ್ ನೀರು 20-30 ಲೀಟರಿನ ಪುಟ್ಟ ಟ್ಯಾಂಕಿಗೆ ನಡೆದೀತು, ಆದರೆ ಪ್ರತಿ ಕ್ಯಾನಿಗೂ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ಬಳಸಬೇಕು. ಕಾರವಾರದಿಂದಲೋ ಗೋವಾದಿಂದಲೋ ಸಮುದ್ರದ ನೀರನ್ನೇ ತಂದರಾಯಿತಲ್ಲ ಎಂದು ಕೇಳುವವರಿದ್ದಾರೆ. ದಡದ ನೀರಿನಲ್ಲಿ ಹೂಳು, ದೋಣಿಗಳ ಎಣ್ಣೆ, ಊರಿನ ಕೊಳೆ ಇರುತ್ತದೆ. ಕಾಳಿ ನದಿಯ ಮುಖದ ಹತ್ತಿರ ಮಳೆಗಾಲದಲ್ಲಿ ಉಪ್ಪಿನಂಶವೇ ಬಿದ್ದುಹೋಗಿರುತ್ತದೆ. ಪ್ರತಿ ವಾರ ಒಂದೇ ಗುಣದ ನೀರು ಸಿಗದಿದ್ದ ಮೇಲೆ ಅದು ಅಗ್ಗವೂ ಅಲ್ಲ.

ಘಟಕ ಹೇಗಿರಬೇಕು

ಒಳ್ಳೆಯ ಸುದ್ದಿ ಏನೆಂದರೆ ಡಿಐ ಒಂದನ್ನು ಬಿಟ್ಟು ಉಳಿದೆಲ್ಲ ಭಾಗ ಹುಬ್ಬಳ್ಳಿಯ ಯಾವುದೇ ಆರ್‌ಓ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. 10 ಇಂಚಿನ ಹೌಸಿಂಗಿನಲ್ಲಿ 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್, ಎರಡನೆಯದರಲ್ಲಿ ಕಾರ್ಬನ್ ಬ್ಲಾಕ್, 24 ವೋಲ್ಟ್ ಬೂಸ್ಟರ್ ಪಂಪ್, 75 ಅಥವಾ 80 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಮೆಂಬ್ರೇನ್, ಪೋಲು ನೀರಿನ ಹರಿವನ್ನು ಬಿಗಿಹಿಡಿಯುವ ಎಫ್‌ಆರ್ 450 (ಫ್ಲೋ ರಿಸ್ಟ್ರಿಕ್ಟರ್), ನೀರು ಬಂದ್ ಮಾಡುವ ಎಸ್‌ವಿ (ಸೊಲೆನಾಯ್ಡ್ ಕವಾಟ), ಕೊನೆಗೆ ಡಿಐ ರೆಸಿನ್ ತುಂಬಿದ ಇನ್ನೊಂದು 10 ಇಂಚಿನ ಹೌಸಿಂಗ್. ಹೊರದೇಶದ ರೆಡಿ ಘಟಕಕ್ಕಿಂತ ಇದನ್ನೇ ನಾವು ಮೆಚ್ಚುವುದಕ್ಕೆ ಕಾರಣ ಪಂಪ್. ಅಲ್ಲಿನ ಸಾದಾ ಘಟಕಗಳು ನಳದ ಒತ್ತಡ 50-60 ಪಿಎಸ್‌ಐ ಇರುತ್ತದೆಂದು ನಂಬಿ ಮಾಡಿದವು. ಎರಡು ಅಂತಸ್ತಿನ ಮನೆಯ ಮೇಲಿನ ಟ್ಯಾಂಕಿನಿಂದ ಕೆಳಮನೆಗೆ ಸಿಗುವುದು ಹೆಚ್ಚೆಂದರೆ 10 ಪಿಎಸ್‌ಐ. ಅಷ್ಟರಲ್ಲಿ ಮೆಂಬ್ರೇನ್ ತೊಟ್ಟಿಕ್ಕುತ್ತದೆ, ಟಿಡಿಎಸ್ಸೂ ಇಳಿಯುವುದಿಲ್ಲ. ಮೆಂಬ್ರೇನ್ ಕೆಟ್ಟಿದೆ ಎಂದು ಬದಲಾಯಿಸಿದವರ ಮನೆಯಲ್ಲಿ ಎಷ್ಟೋ ಸಲ ಕೆಟ್ಟಿರುವುದು ಪಂಪ್ ಅಥವಾ ಅಡಾಪ್ಟರ್.

ಜೋಡಿಸಲು ಬರುವ ಮೆಕ್ಯಾನಿಕ್ ಮೆಂಬ್ರೇನಿನವರೆಗೆ ಎಲ್ಲ ಬಲ್ಲವನೇ. ಅಲ್ಲಿಂದಾಚೆ ಮಾತ್ರ ಬಿಡಿಸಿ ಹೇಳಬೇಕು: ಅಡ್ಜಸ್ಟರ್ ಬೇಡ, ಮಿನರಲ್ ಬೇಡ, ಪೋಸ್ಟ್ ಕಾರ್ಬನ್ ಬೇಡ, ಮೆಂಬ್ರೇನಿನಿಂದ ನೇರ ಡಿಐಗೆ. "ಅಣ್ಣಾರ, ಸೊನ್ನೆ ಟಿಡಿಎಸ್ ನೀರು ಕುಡಿಯಾಕ ಬರಂಗಿಲ್ಲರಿ" ಎಂದು ಅವನು ತಡೆಯುವುದು ಸಹಜ, ಕುಡಿಯುವ ನೀರಿನ ಮಟ್ಟಿಗೆ ಅವನ ಮಾತು ತಪ್ಪೂ ಅಲ್ಲ. ಮೀನಿನ ಟ್ಯಾಂಕಿಗೆ ಎಂದು ಮೊದಲೇ ಹೇಳಿದರೆ ಕೆಲಸ ಸಲೀಸು. ಮೆಂಬ್ರೇನಿನ ನಂತರ ಹಿತ್ತಾಳೆಯ ಯಾವ ಜೋಡಣೆಯೂ ಇರಬಾರದು. ತಾಮ್ರ ಸಿಗಡಿಗೂ ಹವಳಕ್ಕೂ ವಿಷ.

ಡಿಐ ಹೌಸಿಂಗ್ ನಿಂತಿರಬೇಕು, ನೀರು ಕೆಳಗಿನಿಂದ ಮೇಲಕ್ಕೆ ಏರಬೇಕು. ಅಡ್ಡ ಮಲಗಿಸಿದ ಪುಟ್ಟ ಕಾರ್ಟ್ರಿಜ್‌ಗಳಲ್ಲಿ ರೆಸಿನ್ ಕುಸಿದು ಮೇಲೆ ಖಾಲಿ ಜಾಗ ಬಿಡುತ್ತದೆ, ನೀರು ಅದೇ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಬಣ್ಣ ಬದಲಾಗುವ ಮಿಕ್ಸೆಡ್ ಬೆಡ್ ರೆಸಿನ್ ತರಿಸಿ, ಪಾರದರ್ಶಕ ಹೌಸಿಂಗಿನಲ್ಲಿ ತಟ್ಟಿ ತಟ್ಟಿ ಒತ್ತಾಗಿ ತುಂಬಿ. ಬಣ್ಣದ ಗೆರೆ ತಳದಿಂದ ಸಮವಾಗಿ ಮೇಲೇರಿದರೆ ತುಂಬಿದ್ದು ಸರಿಯಿದೆ. ಒಂದು ಪಕ್ಕದಲ್ಲಿ ನಾಲಿಗೆ ಚಾಚಿದಂತೆ ಓಡಿದರೆ ಬಿಚ್ಚಿ ಮತ್ತೆ ತುಂಬಬೇಕು.

ರೆಸಿನ್ ಎಷ್ಟು ದಿನ ಬರುತ್ತದೆ ಎನ್ನುವುದು ಮೆಂಬ್ರೇನ್ ಎಷ್ಟು ಬಿಟ್ಟಿದೆ ಎಂಬುದರ ಮೇಲೆ. ಮೆಂಬ್ರೇನ್ ದಾಟಿದ ನೀರು 20 ಟಿಡಿಎಸ್ ಇದ್ದರೆ 1 ಲೀಟರ್ ರೆಸಿನ್ ಸುಮಾರು 1500 ಲೀಟರ್ ನೀರಿಗೆ ಬರಬೇಕು, 50 ಇದ್ದರೆ ಸುಮಾರು 600ಕ್ಕೇ ಮುಗಿಯುತ್ತದೆ. ಬೋರಿನ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮೆಂಬ್ರೇನನ್ನು ದಾಟಿ ಬಂದು ರೆಸಿನ್ ತಿನ್ನುವುದರಿಂದ ಅಲ್ಲಿ ಇನ್ನೂ ಕಡಿಮೆ. ನಮ್ಮ ಸಲಹೆ ಇಷ್ಟೇ: ನಳಕ್ಕೆ ನೀರು ಬಿಟ್ಟ ದಿನ ಒಂದು ಪ್ರತ್ಯೇಕ ಡ್ರಮ್ಮಿಗೆ ಬರೀ ಕಾರ್ಪೊರೇಶನ್ ನೀರು ಹಿಡಿದು ಘಟಕಕ್ಕೆ ಅದನ್ನೇ ಕೊಡಿ. ಬೋರು ಬೆರೆತ ಸಂಪಿನ ನೀರನ್ನು ಕೊಡುವುದಕ್ಕಿಂತ ರೆಸಿನ್ನೂ ಮೆಂಬ್ರೇನೂ ಎಷ್ಟೋ ಪಾಲು ಹೆಚ್ಚು ಬಾಳುತ್ತವೆ.

ಟಿಡಿಎಸ್ ಮೂರು ಕಡೆ ಅಳೆಯಿರಿ: ಒಳಬರುವಲ್ಲಿ, ಮೆಂಬ್ರೇನಿನ ನಂತರ, ಡಿಐ ನಂತರ. 600 ಒಳಬಂದು 15 ಹೊರಬಂದರೆ ಮೆಂಬ್ರೇನ್ ಶೇ 97.5 ತಡೆಯುತ್ತಿದೆ, ಭೇಷ್. 60 ಹೊರಬಂದರೆ ಮೊದಲು ಪಂಪಿನ ಒತ್ತಡ ನೋಡಿ, ಆಮೇಲೆ ಎಫ್‌ಆರ್, ಕೊನೆಗೆ ಮೆಂಬ್ರೇನ್. ಘಟಕ ಚಾಲೂ ಮಾಡಿದ ಮೊದಲ ಎರಡು ಮೂರು ನಿಮಿಷದ ನೀರಿನಲ್ಲಿ ಟಿಡಿಎಸ್ ಮೇಲಿರುತ್ತದೆ, ಏಕೆಂದರೆ ನಿಂತ ಹೊತ್ತಿನಲ್ಲಿ ಲವಣ ಮೆಂಬ್ರೇನಿನ ಆಚೆಗೆ ಸರಿದಿರುತ್ತದೆ. ಡಿಐಗೆ ಮುಂಚೆ ಒಂದು ಟೀ (ಮೂರು ಬಾಯಿಯ ಜೋಡಣೆ) ಮತ್ತು ಕವಾಟ ಹಾಕಿಸಿ ಅದನ್ನು ಹೊರಗೆ ಬಿಟ್ಟರೆ ರೆಸಿನ್ ಉಳಿಯುತ್ತದೆ. ದಿನಕ್ಕೆ ಎರಡೆರಡು ಲೀಟರ್ ಮಾಡುವುದಕ್ಕಿಂತ ವಾರಕ್ಕೊಮ್ಮೆ 50 ಲೀಟರ್ ಮಾಡಿಟ್ಟುಕೊಳ್ಳುವುದು ಮೇಲು.

ಈ ಘಟಕದ ದೊಡ್ಡ ಕೊರತೆ ಪೋಲಾಗುವ ನೀರು. ಒಂದು ಲೀಟರಿಗೆ ಎರಡರಿಂದ ಮೂರು ಲೀಟರ್ ಹೊರಹೋಗುತ್ತದೆ. ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಸಣ್ಣ ಎಫ್‌ಆರ್ ಹಾಕಿ ಉಳಿಸಲು ಹೋದರೆ ಗಡಸು ನೀರಿನಲ್ಲಿ ಮೆಂಬ್ರೇನ್ ಬೇಗ ಸುಣ್ಣ ಕಟ್ಟುತ್ತದೆ. ಆ ನೀರನ್ನು ನೆಲ ಒರೆಸಲು, ಪಾಯಿಖಾನೆಗೆ ಬಳಸಿ. ಬೋರಿನದಾದರೆ ಗಿಡಕ್ಕೆ ಹಾಕಬೇಡಿ.

ಎರಡನೇ ಕೊರತೆ ಸಿಲಿಕೇಟ್. ರೆಸಿನ್ ಮುಗಿಯುತ್ತ ಬಂದಾಗ ಮೊದಲು ಜಾರಿಕೊಳ್ಳುವುದು ಅದೇ, ಟಿಡಿಎಸ್ ಮೀಟರಿಗೆ ಅದು ಸರಿಯಾಗಿ ಕಾಣುವುದೂ ಇಲ್ಲ. ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಮರಳಿನ ಮೇಲೆ ಕಂದು ಪುಡಿ ಹರಡುತ್ತಲೇ ಇದ್ದರೆ ರೆಸಿನ್ ಬಣ್ಣ ನೋಡಿ, ಮುಕ್ಕಾಲು ಭಾಗ ಬದಲಾಗಿದ್ದರೆ ತೆಗೆದುಹಾಕಿ. ಹೊರಬರುವ ನೀರು ಮೀನಿನ ವಾಸನೆ ಹೊಡೆದರೆ ರೆಸಿನ್ ಮುಗಿದು ಬಹಳ ದಿನವಾಗಿದೆ ಎಂದರ್ಥ.

ಉಪ್ಪು ಮತ್ತು ಅಳತೆ

ಬಹುತೇಕ ರೀಫ್ ಉಪ್ಪುಗಳು ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತವೆ, ಗುರಿ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು). ರೆಡ್ ಸೀ ಕಂಪನಿಯದರಲ್ಲಿ ನೀಲಿ ಬಕೆಟ್ಟಿನ ಸಾದಾ ಉಪ್ಪಿನ ಕ್ಷಾರತೆ 8 ಡಿಕೆಎಚ್ (ಕ್ಷಾರತೆಯ ಅಳತೆ) ಆಸುಪಾಸು, ಕೋರಲ್ ಪ್ರೋ 12ರ ಹತ್ತಿರ. ಹವಳವೇ ಇಲ್ಲದ ಅಥವಾ ನಾಲ್ಕು ಮೃದು ಹವಳ ಮಾತ್ರ ಇರುವ ಹೊಸ ಟ್ಯಾಂಕಿಗೆ ಸಾದಾ ಉಪ್ಪೇ ಸರಿ. ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಎಂದು ಬದಲಿಸಿದರೆ ಪ್ರತಿ ನೀರು ಬದಲಾವಣೆಯಲ್ಲೂ ಕ್ಷಾರತೆ ಜಿಗಿಯುತ್ತದೆ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯಾಗಿ ಕಟ್ಟಿ ತಳಕ್ಕೆ ಇಳಿಯುತ್ತದೆ, ಮತ್ತೆ ಕರಗದು. ಜುಲೈ-ಆಗಸ್ಟಿನ ಧಾರವಾಡದ ಜಿಟಿಜಿಟಿಯಲ್ಲಿ ತೆರೆದಿಟ್ಟ ಚೀಲ ಹೆಂಟೆಗಟ್ಟುತ್ತದೆ. ಅಂಥ ಉಪ್ಪಿನಲ್ಲಿ ಮಾಡಿದ ನೀರಿನ ಕ್ಷಾರತೆಯನ್ನು ಅಳೆಯದೆ ಟ್ಯಾಂಕಿಗೆ ಬಿಡಬೇಡಿ.

ಉಪ್ಪಿನಂಶ ಅಳೆಯಲು, ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಹೇಳುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ, ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಆದರೆ ಅಗ್ಗದ ರಿಫ್ರಾಕ್ಟೋಮೀಟರುಗಳಲ್ಲಿ ಅನೇಕವು ಬರೀ ಉಪ್ಪಿನ ದ್ರಾವಣಕ್ಕೆ ಗೆರೆ ಹಾಕಿದವು, ಸಮುದ್ರದ ನೀರಿಗಲ್ಲ. ಸೊನ್ನೆ ಟಿಡಿಎಸ್ ನೀರಿಗೆ ಸೊನ್ನೆ ತೋರಿಸಿದರೂ 35ರ ಹತ್ತಿರ ಒಂದೂವರೆ ಪಿಪಿಟಿಯಷ್ಟು ತಪ್ಪು ಬರುತ್ತದೆ. ಪರೀಕ್ಷೆಯ ದ್ರಾವಣ ಮನೆಯಲ್ಲೇ ಆಗುತ್ತದೆ: 36.5 ಗ್ರಾಂ ಒಣ ಪುಡಿ ಉಪ್ಪನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿ. ಅದರ ವಕ್ರೀಭವನ 35 ಪಿಪಿಟಿ ಸಮುದ್ರದ ನೀರಿನಷ್ಟೇ. ಎರಡು ಹನಿ ಹಾಕಿ, ಗಾಜಿನ ಉಷ್ಣತೆಗೆ ಹೊಂದಲು ಅರ್ಧ ನಿಮಿಷ ಬಿಟ್ಟು, ತಿರುಪು ತಿರುಗಿಸಿ 35ಕ್ಕೆ ನಿಲ್ಲಿಸಿ.

ಕ್ಷಾರತೆಗೆ ಹಾನ್ನಾ ಕಂಪನಿಯ ಎಚ್‌ಐ772 ಚೆಕ್ಕರ್ ಎಂಬ ಮೀಟರ್ ನಮ್ಮ ಮೊದಲ ಆಯ್ಕೆ. 10 ಮಿಲಿ ಟ್ಯಾಂಕ್ ನೀರಿಗೆ ಮೊದಲು ಸೊನ್ನೆ ಹಿಡಿಸಿ, 1 ಮಿಲಿ ರಿಯೇಜೆಂಟ್ ಹಾಕಿ, ಐದಾರು ಸಲ ನಿಧಾನ ತಿರುವಿ ಒತ್ತಿದರೆ ಅಂಕಿ ಬರುತ್ತದೆ. ಬಣ್ಣ ನೋಡಿ ಊಹಿಸುವ ಗೋಜಿಲ್ಲ. ತಪ್ಪುವುದು ಎರಡು ಕಡೆ: ಗಾಜಿನ ಮೇಲೆ ಬೆರಳಿನ ಎಣ್ಣೆ, ಒಳಗೆ ಗಾಳಿಗುಳ್ಳೆ. ಪ್ರತಿ ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಸ್ಯಾಲಿಫರ್ಟ್ ಕಿಟ್ ಸಾಕು. ಅದರ ಸಿರಿಂಜಿನ ತುದಿಯಲ್ಲಿ ಉಳಿಯುವ ಗಾಳಿ ಕಂಡು ಗಾಬರಿಯಾಗಬೇಡಿ, ಲೆಕ್ಕಕ್ಕೆ ಹಿಡಿಯುವುದು ಕಪ್ಪು ಪಿಸ್ಟನ್ನಿನ ಅಂಚನ್ನು. ಫಾಸ್ಫೇಟಿಗೆ ಹಾನ್ನಾದ ಎಚ್‌ಐ736 ಕೊಂಡವರು ನೆನಪಿಡಬೇಕು, ಅದು ತೋರಿಸುವುದು ರಂಜಕವನ್ನು, ಪಿಪಿಬಿಯಲ್ಲಿ (ಶತಕೋಟಿಗೆ ಇಷ್ಟು ಪಾಲು). 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಸಿಗುತ್ತದೆ. 20 ತೋರಿಸಿದರೆ 0.06. ಪಟ್ಟಿ ಅದ್ದಿ ನೋಡುವ ಸ್ಟ್ರಿಪ್‌ಗಳು ರೀಫ್‌ಗೆ ಬೇಡ.

ನೀರು ಕೈಕೊಟ್ಟಾಗ

ಹೊಸ ಟ್ಯಾಂಕಿನ ನೀರು ಬೆಳ್ಳಗಾದರೆ ಮೂರು ಕಾರಣ. ಮರಳಿನ ದೂಳಾದರೆ ಒಂದೆರಡು ದಿನದಲ್ಲಿ ತಾನೇ ಕೂರುತ್ತದೆ. ಬ್ಯಾಕ್ಟೀರಿಯಾ ಉಕ್ಕಿದ್ದಾದರೆ ಹಾಲು ಬೆರೆಸಿದಂತೆ ಕಂಡು, ಮೂರು ನಾಲ್ಕು ದಿನ ಇರುತ್ತದೆ. ಆಗ ಆಮ್ಲಜನಕ ಕುಸಿಯುವುದರಿಂದ ಸ್ಕಿಮ್ಮರ್, ಏರ್ ಪಂಪ್ ಚಾಲೂ ಇರಲೇಬೇಕು. ಮೂರನೆಯದು ಕ್ಷಾರತೆಯ ಪುಡಿ ಒಮ್ಮೆಲೇ ಹಾಕಿದ್ದರಿಂದ ಕಾರ್ಬೊನೇಟ್ ಕಟ್ಟಿದ್ದು. ಪಂಪಿನ ರೆಕ್ಕೆ ಮುಟ್ಟಿ ನೋಡಿ, ಬಿಳಿ ಹರಳು ಒರಟಾಗಿ ಹತ್ತಿದ್ದರೆ ಇದೇ. ಕ್ಷಾರತೆ ಇಳಿದಿರುತ್ತದೆ, ಮೆಗ್ನೀಸಿಯಂ 1200ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು. ಮೊದಲು ಅದನ್ನು 1300ರ ಹತ್ತಿರ ತನ್ನಿ, ಇಲ್ಲದಿದ್ದರೆ ಹಾಕಿದ್ದೆಲ್ಲ ಮತ್ತೆ ಕಟ್ಟುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 42 ಗ್ರಾಂ 100 ಲೀಟರಿನಲ್ಲಿ 50 ಪಿಪಿಎಂ ಏರಿಸುತ್ತದೆ.

ಕ್ಷಾರತೆಗೆ ದುಬಾರಿ ಬಾಟಲಿ ಬೇಡ. ಶುದ್ಧ ಅಡಿಗೆ ಸೋಡಾ 3 ಗ್ರಾಂ 100 ಲೀಟರಿಗೆ 1 ಡಿಕೆಎಚ್ ಏರಿಸುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಆಮ್ಲ, ಹಿಟ್ಟು ಇರುತ್ತವೆ. ಅರ್ಧ ಲೀಟರ್ ಡಿಐ ನೀರಿನಲ್ಲಿ ಕರಗಿಸಿ, ಹರಿವು ಜೋರಿರುವ ಕಡೆ ನಿಧಾನ ಬಿಡಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ 10 ಪಿಪಿಎಂ ಏರಿಸಲು 100 ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 3.7 ಗ್ರಾಂ. ಎರಡನ್ನೂ ಒಟ್ಟಿಗೆ ಹಾಕಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡಿ.

ಸೈಕಲ್ ಮಾಡಲು, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಲು, ಸತ್ತ ಸಿಗಡಿ ಹಾಕುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ, ಎಷ್ಟು ಅಮೋನಿಯಾ ಬಂತು ಎಂಬುದು ಕೈಯಲ್ಲಿರುವುದಿಲ್ಲ, ಫಾಸ್ಫೇಟ್ ಬೇರೆ ಉಳಿಯುತ್ತದೆ. ಅಮೋನಿಯಂ ಕ್ಲೋರೈಡ್ 0.6 ಗ್ರಾಂ 100 ಲೀಟರಿಗೆ ಹಾಕಿದರೆ ಸುಮಾರು 2 ಪಿಪಿಎಂ. ಅಷ್ಟು 24 ಗಂಟೆಯಲ್ಲಿ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು ಸಾಮಾನ್ಯ. ಈ ಹೊತ್ತಿನಲ್ಲಿ ನೈಟ್ರೇಟ್ 100 ತೋರಿಸಿತೆಂದು ನೀರು ಬದಲಿಸಬೇಡಿ. ನೀರಿನಲ್ಲಿ ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಅದನ್ನೂ ಸೇರಿಸಿ ಬಹಳ ಹೆಚ್ಚು ತೋರಿಸುತ್ತದೆ. ಕ್ಲೋರಿನ್ ತೆಗೆಯುವ ದ್ರವ ಹಾಕಿದ್ದರೆ ಅಮೋನಿಯಾ ಕಿಟ್ ಕೂಡ ದಾರಿ ತಪ್ಪಿಸಬಹುದು.

ಕಂದು ಬಣ್ಣದ್ದೆಲ್ಲ ಒಂದೇ ಅಲ್ಲ. ಡಯಾಟಮ್ ಎಂಬ ಪಾಚಿ ಪುಡಿಯಂತೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ, ಸಿಲಿಕೇಟ್ ಮುಗಿದಾಗ ತಾನೇ ಕಡಿಮೆಯಾಗುತ್ತದೆ. ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಮಾತ್ರ ಸಿಂಬಳದಂಥ ಎಳೆ ಬಿಟ್ಟು, ತುದಿಗೆ ಗಾಳಿಗುಳ್ಳೆ ಹಿಡಿದು ನಿಲ್ಲುತ್ತದೆ. ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಹಬ್ಬುತ್ತದೆ. ಅನುಮಾನವಿದ್ದರೆ ಸ್ವಲ್ಪ ಎಳೆದು ಬಾಟಲಿಯಲ್ಲಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆಯಾಗಿ ಕೂಡಿಕೊಂಡರೆ ಅದು ಡೈನೋ. ಇದು ಬರುವುದು ನೀರು ಕೊಳೆಯಾಗಿದ್ದಕ್ಕಲ್ಲ, ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಯಾದಾಗ. ಹಾಗಾಗಿ ನೀರು ಬದಲಿಸಿದಷ್ಟೂ ಹೆಚ್ಚುತ್ತದೆ. ನೀರು ಬದಲಾವಣೆ ನಿಲ್ಲಿಸಿ, ಫಾಸ್ಫೇಟ್ ತೆಗೆಯುವ ಮೀಡಿಯಾ ಹೊರಗಿಟ್ಟು, ಮೀನಿಗೆ ಆಹಾರ ಹೆಚ್ಚಿಸಿ ನೈಟ್ರೇಟ್ 5, ಫಾಸ್ಫೇಟ್ 0.05ರ ಆಸುಪಾಸಿಗೆ ತನ್ನಿ.

ಪಿಎಚ್ 7.8ರಲ್ಲಿ ನಿಂತರೆ ಪುಡಿ ಸುರಿಯುವ ಮೊದಲು ಒಂದು ಲೋಟ ಟ್ಯಾಂಕ್ ನೀರನ್ನು ಮಾಳಿಗೆ ಮೇಲೆ ಒಯ್ದು, ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ತಪ್ಪು ನೀರಿನದಲ್ಲ, ಮುಚ್ಚಿದ ಕೋಣೆಯದು. ಸ್ಕಿಮ್ಮರಿನ ಗಾಳಿಯ ಪೈಪನ್ನು ಕಿಟಕಿಯ ಹೊರಗೆ ಹಾಕಿದರೆ ಸಾಕು.

ಏಪ್ರಿಲ್-ಮೇ ತಿಂಗಳಲ್ಲಿ ನೀರಿನ ಮೇಲೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಿಸಿಲು ಒಣದಾಗಿರುವ ಗದಗಿನಲ್ಲಿ ಚೆನ್ನಾಗಿ, ಮಳೆ ಹಿಡಿದ ಧಾರವಾಡದಲ್ಲಿ ಕಡಿಮೆ. ಆದರೆ 200 ಲೀಟರಿನ ಟ್ಯಾಂಕ್ 5 ಲೀಟರ್ ಕಳೆದುಕೊಂಡರೆ ಉಪ್ಪಿನಂಶ 35ರಿಂದ 35.9ಕ್ಕೆ ಏರುತ್ತದೆ. ಆಟೋ ಟಾಪ್-ಅಪ್ ಇಲ್ಲದಿದ್ದರೆ ಬೆಳಿಗ್ಗೆ ಸಂಜೆ ಎರಡು ಹೊತ್ತು ಉಪ್ಪಿಲ್ಲದ ಡಿಐ ನೀರು ತುಂಬಿ. ಕರೆಂಟ್ ಹೋದಾಗ ಇನ್ವರ್ಟರಿಗೆ ಟ್ಯಾಂಕಿನ ನೀರನ್ನು ಅಲೆದಾಡಿಸುವ ಒಂದು ವೇವ್‌ಮೇಕರ್ ಮಾತ್ರ ಜೋಡಿಸಿದರೆ ಬಹಳ ಹೊತ್ತು ನಡೆಯುತ್ತದೆ, ಮೀನು ಬದುಕಲು ಆ ಹರಿವೇ ಮುಖ್ಯ.

ಟ್ಯಾಂಕಿನೊಳಗೆ ಇಡುವ ಕಲ್ಲಿನ ಬಗ್ಗೆ ಒಂದು ಮಾತು. ಭಾರತದ ಕಡಲಿನ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕರಾವಳಿಯಿಂದ ತಂದ ಹವಳ, ಲೈವ್ ರಾಕ್ (ಜೀವಿಗಳಿರುವ ಕಡಲ ಕಲ್ಲು) ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಒಣ ಕೃತಕ ಕಲ್ಲೇ ಸಾಕು, ಸೈಕಲ್ ಕೆಲವು ವಾರ ತಡವಾದೀತು, ಅಷ್ಟೇ.

ಘಟಕ ಕೊಂಡ ದಿನವೇ ಎರಡು ಸೆಡಿಮೆಂಟ್ ಫಿಲ್ಟರ್, ಒಂದು ಪೊಟ್ಟಣ ರೆಸಿನ್ ಹೆಚ್ಚಿಗೆ ತೆಗೆದಿಡಿ. ಮಳೆಗಾಲದ ಕೆಂಪು ನೀರಿನಲ್ಲಿ ಸೆಡಿಮೆಂಟ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಆಗ ಪಂಪ್ ಒಣ ಎಳೆದು ಸದ್ದು ಮಾಡುತ್ತದೆ. ಫಿಲ್ಟರ್ ಇಲ್ಲೇ ಸಿಗುತ್ತದೆ, ರೆಸಿನ್ ಕೊರಿಯರ್‌ನಲ್ಲಿ ಬರಬೇಕು. ಪೊಟ್ಟಣ ಒಡೆಯದೆ, ಬಿಸಿಲು ಬೀಳದ ಕಡೆ ಇಡಿ. ತೇವ ಆರಿದ ರೆಸಿನ್ ಕೆಲಸಕ್ಕೆ ಬಾರದು.